ಪ್ರಾಜೆಕ್ಟ್ ವರದಿಗಳನ್ನು ದಯವಿಟ್ಟು ಯಾರಾದರೂ ಓದಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಪೊಲೀಸರೊಬ್ಬರು ನನ್ನ ಅಂಗಡಿಗೆ ಬಂದು ಜಿಲ್ಲಾಧಿಕಾರಿಗಳ ಆದೇಶವನ್ನು ತಿಳಿಸಿ ಹೋಗುತ್ತಾರೆ. ಪರೀಕ್ಷಾ ಕೇಂದ್ರದ ಸುತ್ತ 200 ಮೀಟರ್ ವ್ಯಾಪ್ತಿಯಲ್ಲಿ ನಿಷೇಧಾಜ್ಞೆ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆ ನಡೆಯುವ ಹೊತ್ತಿನಲ್ಲಿ ಜೆರಾಕ್ಸ್ ಅಂಗಡಿಗಳು ಬಾಗಿಲು ಮುಚ್ಚಿರಬೇಕು. ನಾನು ಮುಚ್ಚುತ್ತೇನೆ. ಆ ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನನ್ನ ಅಂಗಡಿಯಲ್ಲಿ ನಕಲಿನ ಸುಗ್ಗಿ ನಡೆಯುವುದು ಬೇರೆ ದಿನಗಳಲ್ಲಿ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಒಪ್ಪಿಸುವ ಕೊನೆಯ ವಾರದಲ್ಲಿ ರಾತ್ರಿ ಹನ್ನೊಂದಾದರೂ ಷಟರ್ ಎಳೆಯಲು ಆಗುವುದಿಲ್ಲ. ಆ ವಾರ ಯಾವ ಪೊಲೀಸರೂ ಬರುವುದಿಲ್ಲ, ಯಾವ ಪ್ರಾಧ್ಯಾಪಕರೂ ಬರುವುದಿಲ್ಲ.

ರಾಜ್ಯದ ಒಂದು ವಿಶ್ವವಿದ್ಯಾಲಯದ ಗೇಟಿನ ಎದುರು 1993ರಿಂದ ಟೈಪಿಂಗ್, ಜೆರಾಕ್ಸ್, ಬೈಂಡಿಂಗ್ ಕೆಲಸ ಮಾಡಿಕೊಂಡು ಬಂದವಳು ನಾನು. ವಿಶ್ವವಿದ್ಯಾಲಯದ ಹೆಸರನ್ನಾಗಲಿ ನನ್ನ ಹೆಸರನ್ನಾಗಲಿ ಪ್ರಕಟಿಸಬಾರದೆಂದು ಕೋರುತ್ತೇನೆ. ಈ ಪತ್ರದಲ್ಲಿ ಬರುವ ಹುಡುಗರು, ಹುಡುಗಿಯರು ನನ್ನನ್ನು ನಂಬಿ ಅಂಗಡಿಯೊಳಗೆ ಬಂದವರು. ಮೊದಲು ಎಲ್ಲರೂ ಅಕ್ಕಾ ಎನ್ನುತ್ತಿದ್ದರು, ಈಗ ಆಂಟಿ ಎನ್ನುತ್ತಾರೆ. ಅವರಲ್ಲಿ ಯಾರ ಮುಖಕ್ಕೂ ಮಸಿ ಬಳಿಯಲು ನಾನು ಇದನ್ನು ಬರೆಯುತ್ತಿಲ್ಲ. ಪರೀಕ್ಷಾ ಅಕ್ರಮ, ಕೃತಿಚೌರ್ಯ ಎಂಬ ಸುದ್ದಿಗಳು ತಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಆ ಮಕ್ಕಳ ಮುಖಗಳು ಕಣ್ಣೆದುರು ಬರುತ್ತವೆ. ಸುದ್ದಿಯಲ್ಲಿ ಇರುವುದು ಕೊನೆಯ ಪುಟ ಮಾತ್ರ. ಅದರ ಹಿಂದಿನ ಪುಟಗಳನ್ನು ಜೋಡಿಸಿ ಹೊಲಿದವಳು ನಾನು.

2016ರ ಮೇ ತಿಂಗಳ ಒಂದು ಸಂಜೆ ಎಂ.ಕಾಂ. ಕೊನೆಯ ಸೆಮಿಸ್ಟರಿನ ಹುಡುಗನೊಬ್ಬ ಪೆನ್‌ಡ್ರೈವ್ ಕೊಟ್ಟು, ಮೂರು ಪ್ರತಿ, ಗಟ್ಟಿ ರಟ್ಟಿನ ಬೈಂಡಿಂಗ್, ಮೇಲೆ ಚಿನ್ನದ ಅಕ್ಷರ ಬೇಕು ಎಂದ. ಜೊತೆಗೆ ಅವನ ತಂದೆ ಬಂದಿದ್ದರು. ಸಂತೆ ಮುಗಿಸಿಕೊಂಡು ಬಂದವರು. ಪಂಚೆ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿದ್ದರು, ಕೈಯಲ್ಲಿ ಮಡಿಸಿದ ಖಾಲಿ ಗೋಣಿಚೀಲವಿತ್ತು. ಎಷ್ಟಾಗುತ್ತದಮ್ಮಾ ಎಂದು ಕೇಳಿ, ಒಳಜೇಬಿನಿಂದ ಹಣ ತೆಗೆದು, ಕೆಲಸ ಶುರುವಾಗುವ ಮೊದಲೇ ಎಣಿಸಿ ಮೇಜಿನ ಮೇಲಿಟ್ಟರು. "ಮಗನ ಪುಸ್ತಕ ಚೆನ್ನಾಗಿ ಬರಬೇಕು ತಾಯಿ" ಎಂದರು. ಅವರ ಪಾಲಿಗೆ ಅದು ಪುಸ್ತಕ.

ಮಸಿ ಸರಿಯಾಗಿ ಹಿಡಿದಿದೆಯೇ ಎಂದು ಹೊರಬರುವ ಹಾಳೆಗಳನ್ನು ಒಂದೊಂದಾಗಿ ನೋಡುವುದು ನನ್ನ ಅಭ್ಯಾಸ. ಕೃತಜ್ಞತೆಯ ಪುಟ ಬಂತು. ಸ್ವರ್ಗಸ್ಥರಾದ ನನ್ನ ತಂದೆಯವರ ಆಶೀರ್ವಾದವೇ ಈ ಕೆಲಸಕ್ಕೆ ಪ್ರೇರಣೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ತಲೆ ಎತ್ತಿ ನೋಡಿದೆ. ತಂದೆ ಬೆಂಚಿನ ಮೇಲೆ ಕುಳಿತು, ಒಣಗಲು ಇಟ್ಟಿದ್ದ ಬೇರೆ ಯಾರದೋ ವರದಿಯ ಚಿನ್ನದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು.

ಹುಡುಗನನ್ನು ಒಳಗೆ ಕರೆದು ಆ ಸಾಲು ತೋರಿಸಿದೆ. ಅವನ ಮುಖದ ರಕ್ತವೇ ಇಳಿದುಹೋಯಿತು. ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬನ ವರದಿಯಂತೆ ಅದು. ಹೆಸರು, ನೋಂದಣಿ ಸಂಖ್ಯೆ, ವರ್ಷ ಎಲ್ಲವನ್ನೂ ಬದಲಾಯಿಸಿದ್ದಾನೆ. ಈ ಪುಟವನ್ನು ಓದಿಯೇ ಇರಲಿಲ್ಲ. ಅಪ್ಪನಿಗೆ ಹೇಳಬೇಡಿ ಅಕ್ಕಾ ಎಂದು ಕೈ ಹಿಡಿದುಕೊಂಡ. ನಾನು ಹೇಳಲಿಲ್ಲ. ಆ ಒಂದು ಸಾಲು ತೆಗೆದು, ಪುಟ ಸರಿಪಡಿಸಿ, ಬೈಂಡ್ ಮಾಡಿ ಕೊಟ್ಟೆ. ಮೂರನೆಯ ದಿನ ತಂದೆಯೇ ಬಂದು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಅಂದು ಆ ಹುಡುಗನಿಗೆ ಎರಡು ಮಾತು ಗಟ್ಟಿಯಾಗಿ ಹೇಳದೆ ಹೋದುದಕ್ಕೆ ನನಗೆ ಇಂದಿಗೂ ಸಂಕಟವಿದೆ.

ಅವನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಒಳ್ಳೆಯ ಅಂಕವೇ ಬಂತು. ಎರಡು ವರ್ಷದ ನಂತರ ಅಂಗಡಿಗೆ ಬಂದಾಗ ಅವನೇ ಹೇಳಿದ. ಕೆಲಸದ ಸಂದರ್ಶನವೊಂದರಲ್ಲಿ, ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ ಎಂದು ಕೇಳಿದರಂತೆ. ಶೀರ್ಷಿಕೆ ಹೇಳಿದ ಮೇಲೆ ಮುಂದಕ್ಕೆ ಒಂದು ಮಾತೂ ಹೊರಡಲಿಲ್ಲವಂತೆ. ಆಮೇಲೆ ಯಾವ ಸಂದರ್ಶನಕ್ಕೆ ಹೋದರೂ ಆ ಪ್ರಶ್ನೆ ಬಂದೀತೆಂದು ಹೆದರಿಕೆಯಾಗುತ್ತದೆ ಎಂದ. ಡಿಬಾರ್ ಆದವರ ಹೆಸರು ನೋಟಿಸ್ ಬೋರ್ಡಿಗೆ ಬರುತ್ತದೆ. ಇಂಥ ಶಿಕ್ಷೆ ಯಾವ ಬೋರ್ಡಿಗೂ ಬರುವುದಿಲ್ಲ.

ನನ್ನ ಅಂಗಡಿಯ ಹೊರಗೆ ಉದ್ದನೆಯ ಮರದ ಬೆಂಚೊಂದಿದೆ. ಅದರ ಮೇಲೆ ನಡೆಯುವುದನ್ನು ನಮ್ಮ ವಿಶ್ವವಿದ್ಯಾಲಯಗಳ ಅಧಿಕಾರಿಗಳು ಒಮ್ಮೆ ಕಣ್ಣಾರೆ ನೋಡಬೇಕು. ಸಮೀಕ್ಷೆ ಆಧಾರಿತ ಪ್ರಾಜೆಕ್ಟ್‌ಗಳಿಗೆ ಪ್ರಶ್ನಾವಳಿ ಬೇಕು. ನೂರು ಪ್ರತಿ ಜೆರಾಕ್ಸ್ ಮಾಡಿಸುತ್ತಾರೆ. ಅವುಗಳನ್ನು ಹಿಡಿದುಕೊಂಡು ಹಳ್ಳಿಗೋ ಮಾರುಕಟ್ಟೆಗೋ ಹೋಗಬೇಕಾದವರು ಅದೇ ಬೆಂಚಿನ ಮೇಲೆ ಕುಳಿತು ತುಂಬಿಸಲು ಶುರುಮಾಡುತ್ತಾರೆ. ಮೂರು ನಾಲ್ಕು ಜನ, ನೀಲಿ ಪೆನ್ನು, ಕಪ್ಪು ಪೆನ್ನು, ನಡುನಡುವೆ ಪೆನ್ಸಿಲ್. ಒಂದೇ ಕೈಬರಹ ಕಾಣಬಾರದೆಂದು ಒಬ್ಬ ಎಡಗೈಯಲ್ಲಿ ಬರೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಸಣ್ಣ ರೈತರ ವಾರ್ಷಿಕ ಆದಾಯದ ಬಗ್ಗೆ ಒಂದು ಪ್ರಾಜೆಕ್ಟ್ ಇತ್ತು. ಇವನಿಗೆ ಎರಡು ಎಕರೆ ಕೊಡು, ಅವನಿಗೆ ಸಾಲ ಹಾಕು, ಇವನು ಬೆಳೆವಿಮೆ ಕಟ್ಟಿಲ್ಲ ಎಂದು ಬರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಎರಡು ಗಂಟೆಯಲ್ಲಿ ನೂರು ರೈತರನ್ನು ಮುಗಿಸಿದರು. ನನ್ನ ತವರಿನಲ್ಲಿ ಅಣ್ಣ ಎರಡೂವರೆ ಎಕರೆ ಜಮೀನು ಮಾಡಿಕೊಂಡಿದ್ದಾನೆ. ಅವನ ಮನೆಯ ಜಗಲಿಗೆ ಹೋಗಿ ಕುಳಿತು, ಹೇಗಿದ್ದೀರಿ, ಈ ವರ್ಷ ಏನು ಬಂತು ಎಂದು ಕೇಳಿದ್ದರೆ ಆ ಮಕ್ಕಳು ಅರ್ಧ ದಿನದಲ್ಲಿ ಕಲಿಯುತ್ತಿದ್ದುದು ಎಷ್ಟೋ ಇತ್ತು. ಯಾರದೋ ಬದುಕನ್ನು ಬೆಂಚಿನ ಮೇಲೆ ಕುಳಿತು ಬರೆದುಬಿಡಬಹುದು ಎಂಬುದನ್ನು ಕಲಿತು ಎದ್ದುಹೋದರು. ನಾಳೆ ಇವರೇ ಬ್ಯಾಂಕಿನಲ್ಲಿ, ಸರ್ಕಾರಿ ಕಚೇರಿಯಲ್ಲಿ ಕುಳಿತು ಫಲಾನುಭವಿಗಳ ಪಟ್ಟಿ ಮಾಡುವವರು ಎಂದು ನೆನೆದರೆ ನನಗೆ ಎದೆ ಝಲ್ಲೆನ್ನುತ್ತದೆ.

ಅದೇ ತರಗತಿಯಲ್ಲಿ ಮಲೆನಾಡಿನ ಕಡೆಯ ಒಬ್ಬಳು ಹುಡುಗಿ ಇದ್ದಳು. ಅಡಿಕೆ ಸುಲಿಯುವ ಹೆಂಗಸರ ಕೂಲಿಯ ಬಗ್ಗೆ ಅವಳ ಪ್ರಾಜೆಕ್ಟ್. ಸುಲಿತದ ಕಾಲಕ್ಕೆ ರಜೆ ಹಾಕಿ ಊರಿಗೆ ಹೋಗಿ, ರಾತ್ರಿ ಸುಲಿತದ ಚಪ್ಪರದಲ್ಲಿ ಕುಳಿತು ಅರವತ್ತು ಜನರನ್ನು ಮಾತನಾಡಿಸಿಕೊಂಡು ಬಂದಿದ್ದಳು. ಕೂಲಿ ಕೊಡುವುದು ಡಬ್ಬದ ಲೆಕ್ಕದಲ್ಲಿ, ಒಂದು ರಾತ್ರಿಗೆ ಯಾರು ಎಷ್ಟು ಡಬ್ಬ ಸುಲಿಯುತ್ತಾರೆ, ವಯಸ್ಸಾದ ಮೇಲೆ ಬೆರಳು ಹೇಗೆ ಹಿಡಿದುಕೊಳ್ಳುತ್ತದೆ, ಎಲ್ಲವೂ ಅವಳ ಬಾಯಲ್ಲೇ ಇತ್ತು. ಅವಳು ಅನುಬಂಧಕ್ಕೆಂದು ಜೆರಾಕ್ಸ್ ಮಾಡಲು ಕೊಟ್ಟ ಪ್ರಶ್ನಾವಳಿಗಳ ಅಂಚಿನಲ್ಲಿ ಕಂದು ಬಣ್ಣದ ಬೆರಳಿನ ಗುರುತುಗಳಿದ್ದವು. ಅಡಿಕೆಯ ಕರೆ. ಓದು ಬಾರದ ಕೆಲವರು ಸಹಿಯ ಜಾಗದಲ್ಲಿ ಸುಲಿಯುತ್ತಿದ್ದ ಕೈಯಿಂದಲೇ ಹೆಬ್ಬೆಟ್ಟು ಒತ್ತಿದ್ದರು. ಆ ಗುರುತುಗಳು ಜೆರಾಕ್ಸಿನಲ್ಲಿಯೂ ಬರಬೇಕೆಂದು ನಾನು ಮೆಷಿನ್ನಿನ ಮಸಿ ಸ್ವಲ್ಪ ಗಾಢ ಮಾಡಿ ತೆಗೆದುಕೊಟ್ಟೆ.

ಅವಳಿಗೆ ಬೆಂಚಿನ ಹುಡುಗರಿಗಿಂತ ಆರು ಅಂಕ ಕಡಿಮೆ ಬಂತು. ಅವರ ವರದಿಯಲ್ಲಿ ಬಣ್ಣದ ನಕ್ಷೆಗಳು ಹೆಚ್ಚಿದ್ದವು, ಪುಟಗಳೂ ಹೆಚ್ಚಿದ್ದವು. ನಕಲಿನ ಪರಿಣಾಮ ಎಂದರೆ ನಕಲು ಮಾಡಿದವರಿಗೆ ಏನಾಯಿತು ಎಂಬುದನ್ನಷ್ಟೇ ಎಲ್ಲರೂ ಬರೆಯುತ್ತಾರೆ. ಮಾಡದವರಿಗೆ ಆಗುವುದನ್ನೂ ದಯವಿಟ್ಟು ಬರೆಯಿರಿ. ಆರು ಅಂಕದಿಂದ ಮುಂದಿನ ಪ್ರವೇಶ ತಪ್ಪಬಹುದು. ಅದಕ್ಕಿಂತ ಹೆಚ್ಚಾಗಿ, ನಾನೇ ದಡ್ಡಿ ಅಕ್ಕಾ ಎಂದು ಅವಳು ನನ್ನ ಮೇಜಿನ ಎದುರು ನಿಂತು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ಹೊರಡಿಸಿತು. ಅದರ ಪ್ರತಿಯನ್ನು ಹತ್ತಾರು ಸಲ ಜೆರಾಕ್ಸ್ ಮಾಡಿ ಕೊಟ್ಟಿದ್ದೇನೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿದೆ. ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10ರಿಂದ 40ರವರೆಗಾದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40 ದಾಟಿ 60ರವರೆಗಾದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಕೊಡುವಂತೆಯೇ ಇಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಎರಡನೆಯ ಸಲ ಸಿಕ್ಕಿಬಿದ್ದರೆ ಒಂದು ಹಂತ ಮೇಲಿನ ಶಿಕ್ಷೆ. ಪದವಿ ಕೈಗೆ ಬಂದ ಮೇಲೆ ಸಾಬೀತಾದರೂ ಅದನ್ನು ತಡೆಹಿಡಿಯಬಹುದು. ಎಲ್ಲವೂ ಸರಿ. ಆದರೆ ಈ ನಿಯಮ ಯಾವ ಬರಹಕ್ಕೆ ಅನ್ವಯ ಎಂಬ ವ್ಯಾಖ್ಯೆಯನ್ನು ಓದಿದಾಗ ನಾನು ಬೆರಳಿಟ್ಟುಕೊಂಡು ಮತ್ತೆ ಓದಿದೆ. ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಪ್ರಬಂಧಗಳಿಗೆ ಅನ್ವಯ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ತರಗತಿಯ ಬರಹ, ಉತ್ತರ ಪತ್ರಿಕೆ ಇವನ್ನೆಲ್ಲ ಹೊರಗಿಡಲಾಗಿದೆ ಎಂದು ಅಲ್ಲೇ ಬರೆದಿದೆ.

ಇದನ್ನು ನಾನು ಕೂಗಿ ಹೇಳಬೇಕೆಂದಿದ್ದೇನೆ, ಸಂಪಾದಕರೇ. ಮಕ್ಕಳಿಗೆ ನಕಲಿನ ಅಕ್ಷರಾಭ್ಯಾಸವಾಗುವುದು ಅಸೈನ್‌ಮೆಂಟಿನಲ್ಲಿ ಮತ್ತು ಪ್ರಾಜೆಕ್ಟಿನಲ್ಲಿ. ಮೊದಲ ಸೆಮಿಸ್ಟರಿನಿಂದ ಹಿಡಿದು ಐದು ವರ್ಷ ಯಾರೂ ಕೇಳುವುದಿಲ್ಲ. ಯಾರೂ ಕೇಳದಿರುವುದೇ ಪದ್ಧತಿ ಎಂದು ಅವರು ತಿಳಿಯುತ್ತಾರೆ. ಆರನೆಯ ವರ್ಷ, ಏಳನೆಯ ವರ್ಷ ಸಂಶೋಧನೆಗೆ ಸೇರಿದಾಗ ಅದೇ ಕೈ ಅದೇ ಕೆಲಸ ಮಾಡಿದರೆ, ಬೇರೆಯವರ ಬರಹದೊಂದಿಗೆ ಹೋಲಿಸಿ ನೋಡುವ ಕಂಪ್ಯೂಟರ್ ಯಂತ್ರ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಕೊಡುತ್ತದೆ. ಆಗ ಎಲ್ಲರೂ ಆ ಒಬ್ಬರ ಕಡೆ ಬೆರಳು ತೋರಿಸುತ್ತಾರೆ.

ಹಾಗೆ ಬೆರಳು ತೋರಿಸಿಕೊಂಡ ಒಬ್ಬ ಹೆಣ್ಣುಮಗಳನ್ನು ನಾನು ಹತ್ತಿರದಿಂದ ಬಲ್ಲೆ. ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಮನೆಯಲ್ಲಿ ಪದವಿ ಓದಿದವರಲ್ಲಿ ಮೊದಲಿಗಳು. ವಾರವೆಲ್ಲ ಪಾಠ, ಮನೆಯಲ್ಲಿ ಎರಡು ಮಕ್ಕಳು. ಪ್ರಬಂಧದ ಮೂರು ಅಧ್ಯಾಯಗಳನ್ನು ಒಬ್ಬ ಮಧ್ಯವರ್ತಿಗೆ ಹಣ ಕೊಟ್ಟು ಬರೆಸಿಕೊಂಡಿದ್ದರು. ಅವನು ಶೋಧಗಂಗಾದಲ್ಲಿದ್ದ ಹಳೆಯ ಪ್ರಬಂಧಗಳಿಂದ ಎತ್ತಿ ಜೋಡಿಸಿದ್ದ. ದೇಶದ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್.ಡಿ. ಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಆ ಭಂಡಾರದಲ್ಲಿ ಎಲ್ಲರೂ ಓದಲೆಂದು ಇಟ್ಟಿದೆ. ಓದಬೇಕಾದ ಜಾಗ ಹೀಗೆ ಕದಿಯುವವರ ಉಗ್ರಾಣವಾಗಿದೆ. ಕೊನೆಯ ದಿನಾಂಕ ಹತ್ತಿರವಿದೆ ಎಂದು, ಪರಿಶೀಲನೆಯ ವರದಿ ಕೈಗೆ ಬರುವ ಮೊದಲೇ ಐದು ಪ್ರತಿ ಬೈಂಡ್ ಮಾಡಿಸಿದರು. ಮಾರ್ಗದರ್ಶಕರು ನನ್ನ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿ, ಬಾನೆಟ್ ಮೇಲೆ ಪ್ರತಿಗಳನ್ನಿಟ್ಟು ಸಹಿ ಹಾಕಿದರು. ಗಾಳಿಗೆ ಪುಟ ಹಾರುತ್ತಿತ್ತು. ಕಾರಿನ ಕೀಲಿಕೈಯನ್ನು ಪುಟದ ಮೇಲಿಟ್ಟು ಐದು ಸಹಿ ಮುಗಿಸಿದರು. ಸಹಿಯ ಪುಟ ಬಿಟ್ಟು ಮತ್ತೊಂದು ಪುಟವನ್ನು ತಿರುಗಿಸಲಿಲ್ಲ. ಈ ವಿದ್ಯಾರ್ಥಿಯ ಕೆಲಸದಲ್ಲಿ ಕೃತಿಚೌರ್ಯವಿಲ್ಲ ಎಂದು ಮಾರ್ಗದರ್ಶಕರು ಪ್ರಮಾಣಪತ್ರ ಕೊಡಬೇಕೆಂದು 2018ರ ನಿಯಮಾವಳಿಯೇ ಹೇಳುತ್ತದೆ. ಅಂದು ಹಾಕಿದ್ದು ಆ ಸಹಿಯೇ.

ಹೋಲಿಕೆ ಶೇ 47 ಬಂತು. ಒಂದು ವರ್ಷ ಪ್ರಬಂಧ ಮುಟ್ಟುವಂತಿಲ್ಲ. ಆ ವರ್ಷ ನೇಮಕಾತಿಗೆ ಅರ್ಜಿ ಹಾಕುವಾಗ ಕೈಯಲ್ಲಿ ಪಿಎಚ್.ಡಿ. ಇರುತ್ತದೆಂದು ಲೆಕ್ಕ ಹಾಕಿದ್ದರು, ಆ ಲೆಕ್ಕವೆಲ್ಲ ತಪ್ಪಿತು. ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಇವರು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತಂತೆ. ಒಂದು ಸಂಜೆ ಆ ಐದು ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, ಅಕ್ಕಾ, ರಟ್ಟಿನ ಮೇಲಿನ ನನ್ನ ಹೆಸರನ್ನು ಅಳಿಸಲು ಆಗುತ್ತದೆಯೇ ಎಂದು ಕೇಳಿದರು. ಅಳಿಸಲು ಆಗುವುದಿಲ್ಲ. ಬಿಸಿ ಅಚ್ಚಿನಿಂದ ಒತ್ತಿದ ಚಿನ್ನದ ಅಕ್ಷರ ಅದು, ಕೆರೆದರೆ ಬಣ್ಣ ಹೋದರೂ ಅಚ್ಚಿನ ಗುಳಿ ಹಾಗೆಯೇ ಉಳಿಯುತ್ತದೆ. ಅವರು ಮಾಡಿದ್ದು ತಪ್ಪು, ಅವರಿಗೂ ಅದು ಗೊತ್ತು, ಶಿಕ್ಷೆ ಅನ್ಯಾಯವೆಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬಾನೆಟ್ ಮೇಲೆ ಹಾಕಿದ ಸಹಿಯ ಬಗ್ಗೆ ಯಾವ ಸಮಿತಿಯೂ ಒಂದು ಪ್ರಶ್ನೆ ಕೇಳಲಿಲ್ಲ. ಹಣ ತಿಂದ ಮಧ್ಯವರ್ತಿ ಈಗಲೂ ಅದೇ ರಸ್ತೆಯಲ್ಲಿ ಓಡಾಡುತ್ತಾನೆ.

ಯಂತ್ರದ ಮೇಲೆ ಪೂರ್ತಿ ಭರವಸೆ ಇಟ್ಟವರಿಗೆ ಇನ್ನೊಂದು ಮಾತು. ಕನ್ನಡ ಪ್ರಬಂಧಗಳಲ್ಲಿ ಎಷ್ಟೋ 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆದವು. ಅದೇ ವಾಕ್ಯವನ್ನು ಇನ್ನೊಬ್ಬರು ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಟೈಪ್ ಮಾಡಿಸಿದರೆ ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಇದು ಗೊತ್ತಿರುವವರು ಗೊತ್ತಿದ್ದೇ ಮಾಡುತ್ತಾರೆ. ಕದ್ದ ಪುಟವನ್ನು ಚಿತ್ರವಾಗಿ ಮಾಡಿ ನಡುವೆ ಸೇರಿಸಿಕೊಡಿ ಎಂದು ನನ್ನನ್ನೇ ಕೇಳಿದವರಿದ್ದಾರೆ. ಯಂತ್ರ ಚಿತ್ರವನ್ನು ಓದಲಾರದು ಎಂಬ ಧೈರ್ಯ. ಶೇ 10ರ ಒಳಗೆ ತಂದುಕೊಡುವುದಕ್ಕೆ ಪುಟಕ್ಕಿಷ್ಟು ಎಂದು ದರ ಹೇಳುವವರು ಹುಟ್ಟಿಕೊಂಡಿದ್ದಾರೆ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ವರದಿಗಳು ಬರುತ್ತಿವೆ. ಅವು ಸಾಮಾನ್ಯವಾಗಿ ಬೇರೆ ಯಾವ ಪ್ರಬಂಧವನ್ನೂ ಹೋಲುವುದಿಲ್ಲ. ಅಂದಮೇಲೆ ಹೋಲಿಕೆಯ ಶೇಕಡಾವಾರು ಹಿಡಿದುಕೊಂಡು ಏನು ಮಾಡುವುದು?

ಮನುಷ್ಯರು ಓದಿದರೆ ಮಾತ್ರ ಸಿಗುವ ತಪ್ಪುಗಳಿವೆ. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. 2009ರಲ್ಲಿ ಒಂದು ಪ್ರಬಂಧ ಟೈಪ್ ಮಾಡುವಾಗ ಕೋಷ್ಟಕವೊಂದರಲ್ಲಿ ಶೇ 38 ಇರಬೇಕಾದಲ್ಲಿ ಶೇ 83 ಎಂದು ಹೊಡೆದೆ. ಯಾರೂ ಗಮನಿಸಲಿಲ್ಲ. ಒಂದು ತಾಲ್ಲೂಕಿನ ಹಾಲು ಉತ್ಪಾದಕರ ಬಗೆಗಿನ ಅಂಕಿ ಅದು. ಐದು ವರ್ಷ ಬಿಟ್ಟು ಇನ್ನೊಂದು ವರದಿ ಪ್ರಿಂಟಿಗೆ ಬಂದಾಗ ಅದೇ ಕೋಷ್ಟಕ, ಅದೇ ಶೇ 83. ನನ್ನ ಕೈ ನಡುಗಿತು. ಹಳೆಯ ಹಸ್ತಪ್ರತಿಯ ಒಂದು ಜೆರಾಕ್ಸ್ ನನ್ನಲ್ಲಿತ್ತು, ತೆಗೆದು ನೋಡಿದಾಗಲೇ ತಪ್ಪು ನನ್ನದೆಂದು ಗೊತ್ತಾದದ್ದು. ಆಮೇಲೆ ಮತ್ತೂ ಎರಡು ವರದಿಗಳಲ್ಲಿ ಅದನ್ನು ಕಂಡೆ. ಕೋಷ್ಟಕದ ಸಾಲುಗಳನ್ನು ಕೂಡಿದರೆ ಮೊತ್ತ 145 ಆಗುತ್ತಿತ್ತು. ಶೇಕಡಾವಾರು ನೂರು ದಾಟಿದ್ದು ಬರೆದವರಿಗೂ ಕಾಣಲಿಲ್ಲ, ಸಹಿ ಮಾಡಿದವರಿಗೂ ಕಾಣಲಿಲ್ಲ, ಅಂಕ ಕೊಟ್ಟವರಿಗೂ ಕಾಣಲಿಲ್ಲ.

ಟೈಪ್‌ರೈಟರ್ ಕಾಲದಲ್ಲಿ ಎಲ್ಲರೂ ಪ್ರಾಮಾಣಿಕರಾಗಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಕನ್ನಡ ಟೈಪ್‌ರೈಟರಿಗೆ ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಮೇಲೆ ಒತ್ತಕ್ಷರ ಕೂರಿಸುತ್ತಾ, ಕಾರ್ಬನ್ ಹಾಳೆ ಇಟ್ಟು ಒಂದು ಪ್ರಬಂಧ ಮುಗಿಸಲು ತಿಂಗಳುಗಳೇ ಬೇಕಾಗುತ್ತಿತ್ತು. ಕದ್ದು ಬರೆದವನೂ ಪೂರ್ತಿ ಕೈಯಲ್ಲಿ ಬರೆದು ತಂದುಕೊಡಬೇಕಿತ್ತು. ಆಗ ಕನ್ನಡ ವಿಭಾಗದಲ್ಲಿ ಒಬ್ಬ ಮೇಷ್ಟ್ರಿದ್ದರು, ಈಗ ಇಲ್ಲ. ಅವರ ವಿದ್ಯಾರ್ಥಿಗಳ ಹಾಳೆಗಳು ಕೆಂಪು ಮಸಿಯಲ್ಲಿ ಮಿಂದು ವಾಪಸ್ ಬರುತ್ತಿದ್ದವು. ಒಂದು ಅಧ್ಯಾಯವನ್ನಂತೂ ಹನ್ನೊಂದು ಸಲ ಟೈಪ್ ಮಾಡಿದ್ದೇನೆ. "ಈ ಮಾತು ನಿನ್ನದಲ್ಲ. ಯಾರದು?" ಎಂದು ಅಂಚಿನಲ್ಲಿ ಬರೆದಿದ್ದರು. ಇನ್ನೊಂದು ಕಡೆ "ಹೋಗಿ ಕೇಳಿಕೊಂಡು ಬಾ, ಆಮೇಲೆ ಬರೆ" ಎಂದಿತ್ತು. ಆ ವಿದ್ಯಾರ್ಥಿ ನನ್ನ ಅಂಗಡಿಯಲ್ಲೇ ಅತ್ತಿದ್ದ. ಆದರೆ ಹೋಗಿ ಕೇಳಿಕೊಂಡು ಬಂದ. ಅಲ್ಪಪ್ರಾಣ, ಮಹಾಪ್ರಾಣಗಳ ಪಾಠ ನನಗೂ ಆಗಿದ್ದು ಅದೇ ಕೆಂಪು ಮಸಿಯಿಂದ.

ಈಗ ಏನಾಗಿದೆ ಎಂಬುದಕ್ಕೆ ಒಂದೇ ಒಂದು ಸಾಕ್ಷಿ ಕೊಡುತ್ತೇನೆ. ನಾನು ಬೈಂಡ್ ಮಾಡುವ ಪ್ರತಿ ವರದಿಗೂ ಪುಟಗುರುತಿಗೆಂದು ತೆಳ್ಳನೆಯ ರೇಷ್ಮೆ ರಿಬ್ಬನ್ ಅಂಟಿಸುತ್ತೇನೆ. ಅದನ್ನು ಮೂರು ಮಡಿಕೆ ಮಾಡಿ ಮೊದಲ ಅಧ್ಯಾಯದ ಪುಟದೊಳಗೆ ಇಟ್ಟು ಮುಚ್ಚುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ಜಾಗವಿಲ್ಲವೆಂದು ಹಳೆಯ ಪ್ರಾಜೆಕ್ಟ್ ವರದಿಗಳನ್ನು ರದ್ದಿಗೆ ಹಾಕಿದರು. ರಟ್ಟುಗಳನ್ನು ಮತ್ತೆ ಬಳಸಬಹುದೆಂದು ನಾನು ರದ್ದಿ ಅಂಗಡಿಯಿಂದ ಎರಡು ಮೂಟೆ ಕೊಂಡುಕೊಂಡೆ. ಬಿಚ್ಚುತ್ತಾ ಕುಳಿತಾಗ ನೋಡಿದರೆ ಬಹುಪಾಲು ವರದಿಗಳಲ್ಲಿ ರಿಬ್ಬನ್ ನಾನಿಟ್ಟ ಮೂರು ಮಡಿಕೆಯಲ್ಲೇ, ನಾನಿಟ್ಟ ಪುಟದಲ್ಲೇ ಇತ್ತು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿ, ಎದುರಿನ ಪುಟದ ಮೇಲೆ ಅದರ ಗುರುತು ಮೂಡಿತ್ತು. ಎಲ್ಲಕ್ಕೂ ಅಂಕ ಬಂದಿತ್ತು. ಆ ಮೂಟೆಯಲ್ಲಿ ಅಡಿಕೆ ಸುಲಿಯುವವರ ವರದಿಯೂ ಇರಬಹುದೇ ಎಂದು ಹುಡುಕಿದೆ. ಇರಲಿಲ್ಲ.

ಉಪನ್ಯಾಸಕರನ್ನು ಮಾತ್ರ ದೂರಲು ನನಗೆ ಮನಸ್ಸಿಲ್ಲ. ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಎಲ್ಲರಿಗೂ ಗೊತ್ತು. ಒಬ್ಬರ ಕೈಗೆ ಒಂದೇ ಸೆಮಿಸ್ಟರಿನಲ್ಲಿ ನಲವತ್ತು ಪ್ರಾಜೆಕ್ಟ್ ಕೊಟ್ಟರೆ ಅವರಾದರೂ ಹೇಗೆ ಓದಿಯಾರು? ಹಾಗಿದ್ದರೆ ನಲವತ್ತು ಮಂದಿಯಿಂದ ಎಂಬತ್ತು ಪುಟ ಬರೆಸುವುದು ಏಕೆ? ಎಂಟು ಪುಟ ಬರೆಸಲಿ. ಸ್ವಂತ ಕೈಬರಹದಲ್ಲಿ ಬರೆಸಲಿ. ನನ್ನ ಬೈಂಡಿಂಗ್ ವ್ಯಾಪಾರ ಹೋದರೆ ಹೋಗಲಿ. ಎಂಟು ಪುಟವನ್ನು ಓದಿ, ಆ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಹದಿನೈದು ನಿಮಿಷ ಮಾತನಾಡಿಸಲಿ. ಯಾರನ್ನು ಭೇಟಿ ಮಾಡಿದೆ, ಅವರ ಮನೆ ಎಲ್ಲಿದೆ, ಈ ಅಂಕಿ ಹೇಗೆ ಬಂತು ಎಂದು ಕೇಳಲಿ. ಬೆಂಚಿನ ಮೇಲೆ ತುಂಬಿದ ಪ್ರಶ್ನಾವಳಿ ಮೂರನೆಯ ಪ್ರಶ್ನೆಗೇ ಬಯಲಾಗುತ್ತದೆ. ಮೌಖಿಕ ಪರೀಕ್ಷೆ ಈಗಲೂ ಇದೆ, ಗೊತ್ತು. ಅದರಿಂದ ಎರಡು ನಿಮಿಷದಲ್ಲಿ ಹೊರಬಂದು ನನ್ನ ಅಂಗಡಿಯ ಮುಂದೆ ನಗುತ್ತಾ ನಿಲ್ಲುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಮೊದಲ ಸಲ ಸಿಕ್ಕಿಬಿದ್ದ ಹದಿನೆಂಟು ವರ್ಷದ ಮಗುವಿಗೆ ಡಿಬಾರ್ ಬೇಡ, ಅವಮಾನವಂತೂ ಬೇಡವೇ ಬೇಡ. 2019ರ ಅಕ್ಟೋಬರಿನಲ್ಲಿ ಹಾವೇರಿಯ ಒಂದು ಪಿಯು ಕಾಲೇಜಿನಲ್ಲಿ ನಕಲು ತಡೆಯಲೆಂದು ಮಕ್ಕಳ ತಲೆಗೆ ರಟ್ಟಿನ ಪೆಟ್ಟಿಗೆ ಹಾಕಿ ಪರೀಕ್ಷೆ ಬರೆಸಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಮೊದಲ ತಪ್ಪಿಗೆ, ಇದನ್ನು ಮತ್ತೆ ನೀನೇ ಬರೆದುಕೊಂಡು ಬಾ ಎನ್ನಿ. ಆ ಕೆಂಪು ಮಸಿಯ ಮೇಷ್ಟ್ರು ಮಾಡಿದ್ದೂ ಅದನ್ನೇ. ಆರನೆಯ ವರ್ಷದಲ್ಲಿ ಬೀಳುವ ಪೆಟ್ಟು ಮೊದಲ ವರ್ಷದಲ್ಲಿ ಒಂದು ಮಾತಿನಲ್ಲಿ ಮುಗಿಯುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಗಳ ಮೇಲೆ ಕ್ಯಾಮೆರಾದ ನೇರ ಕಣ್ಗಾವಲು ಬಂತು, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಹೆಚ್ಚು ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಆ ಮಕ್ಕಳು ಈಗ ಒಬ್ಬೊಬ್ಬರಾಗಿ ಪದವಿ ತರಗತಿಗಳಿಗೆ ಬರುವ ಹೊತ್ತು. ಕ್ಯಾಮೆರಾದ ಎದುರು ಕುಳಿತು ಬರೆದು ಬಂದವರಿಗೆ ಇಲ್ಲಿ ಮತ್ತೆ ನನ್ನ ಬೆಂಚನ್ನು ತೋರಿಸಬೇಡಿ.

ಇನ್ನು ಸಹಿಯ ವಿಷಯ. ವಿದ್ಯಾರ್ಥಿಯ ಮೇಲೆ ಕ್ರಮ ಕೈಗೊಳ್ಳುವ ಸಮಿತಿ, ಆ ಪ್ರಮಾಣಪತ್ರಕ್ಕೆ ಸಹಿ ಹಾಕಿದವರನ್ನೂ ಅದೇ ದಿನ ಅದೇ ಕೊಠಡಿಗೆ ಕರೆದು ಕೇಳಬೇಕು. ಇಷ್ಟಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಒಂದು ನೋಟಿಸ್ ಸಾಕು.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನಕಲು ಚೀಟಿಗೆಂದು ಅಕ್ಷರ ಕಿರಿದಾಗಿಸುವ ಮೈಕ್ರೋ ಜೆರಾಕ್ಸ್ ಮಾಡಿಕೊಡುವುದಿಲ್ಲ ಎಂಬ ಹಲಗೆ ನನ್ನ ಅಂಗಡಿಯಲ್ಲಿ ಬಹಳ ಹಿಂದಿನಿಂದ ಇದೆ. ಎರಡು ವರ್ಷದಿಂದ ಹಳೆಯ ವರದಿಗಳ ಫೈಲುಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದನ್ನೂ ನಿಲ್ಲಿಸಿದ್ದೇನೆ. ಸೀನಿಯರ್ ಯಾರದ್ದಾದರೂ ಇದ್ದರೆ ಕೊಡಿ ಆಂಟಿ ಎಂದು ಬರುವವರಿಗೆ ಇಲ್ಲ ಎನ್ನುತ್ತೇನೆ. ಹಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಬೆಂಚನ್ನು ಮಾತ್ರ ತೆಗೆದಿಲ್ಲ, ಬಿಸಿಲಿನಲ್ಲಿ ಬಂದ ಮಕ್ಕಳು ಕುಳಿತುಕೊಳ್ಳಲು ಬೇಕು. ಈಗ ಅದರ ಮೇಲೆ ಪ್ರಶ್ನಾವಳಿ ತುಂಬಲು ಕುಳಿತರೆ ಎದ್ದು ಹೋಗಿ ಎದುರು ನಿಲ್ಲುತ್ತೇನೆ. ಬೈಸಿಕೊಂಡಿದ್ದೇನೆ ಕೂಡ.

ಆ ಅತಿಥಿ ಉಪನ್ಯಾಸಕಿ ಈಗ ಶನಿವಾರ ಮಧ್ಯಾಹ್ನ ಬಂದು ನನ್ನ ಎರಡನೆಯ ಕಂಪ್ಯೂಟರಿನ ಮುಂದೆ ಕುಳಿತು ತಾವೇ ಟೈಪ್ ಮಾಡುತ್ತಾರೆ. ಹಣ ಕೊಟ್ಟು ಬರೆಸಿದ ಮೂರು ಅಧ್ಯಾಯಗಳನ್ನು ಪೂರ್ತಿ ತೆಗೆದುಹಾಕಿದ್ದಾರೆ. ವೇಗ ಇನ್ನೂ ಬಂದಿಲ್ಲ, ಒತ್ತಕ್ಷರ ಹುಡುಕಿಕೊಂಡು ಹೊಡೆಯುತ್ತಾರೆ. ಕಳೆದ ವಾರ ಎರಡನೆಯ ಅಧ್ಯಾಯ ಮುಗಿದು ಹೊರಬಂದ ಹಾಳೆಗಳನ್ನು ನನ್ನ ಕೈಗೆ ಕೊಟ್ಟು, ಅಕ್ಕಾ, ನೀವು ಒಮ್ಮೆ ಓದುತ್ತೀರಾ ಎಂದು ಕೇಳಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹಾಳೆಗಳನ್ನು ಮನೆಗೆ ತೆಗೆದುಕೊಂಡು ಹೋಗಿ ಓದಿದೆ.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು
(ಹೆಸರು ಮತ್ತು ವಿಳಾಸವನ್ನು ಸಂಪಾದಕರಿಗೆ ಪ್ರತ್ಯೇಕವಾಗಿ ತಿಳಿಸಿದ್ದೇನೆ)